ಹೊಟ್ಟೆ ಬೆಳೆದರೆ ಕಿಡ್ನಿಗೇನು ಕಷ್ಟ? ಇಂಜೆಕ್ಷನ್ ಸುದ್ದಿಗಳ ಹಿಂದಿರುವ ವಿಷಯ

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ದಿನಕ್ಕೊಂದು ಸುದ್ದಿ ಬರುತ್ತಿದೆ. ಒಂದು ಕಡೆ ‘ಇದು ಕಿಡ್ನಿ ಉಳಿಸುತ್ತದೆ’ ಅಂತ ಬರೆದಿರುತ್ತಾರೆ, ಇನ್ನೊಂದು ಕಡೆ ‘ಇದರಿಂದ ಕಿಡ್ನಿಗೆ ಪೆಟ್ಟು’ ಅಂತ ವಿಡಿಯೊ ಓಡುತ್ತಿರುತ್ತದೆ. 2025ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಟೈಪ್ 2 ಶುಗರ್ ಜೊತೆ ಕಿಡ್ನಿ ಕಾಯಿಲೆಯೂ ಇರುವವರಿಗೆ ಓಜೆಂಪಿಕ್ ಇಂಜೆಕ್ಷನ್ ಕೊಡಲು ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ಇಂಜೆಕ್ಷನ್‌ಗಳು ಭಾರತದ ಮಾರುಕಟ್ಟೆಗೆ ಬಂದವು. ಓಜೆಂಪಿಕ್, ವೆಗೋವಿ ಎರಡರಲ್ಲೂ ಇರುವ ಔಷಧ ಒಂದೇ, ಸೆಮಾಗ್ಲುಟೈಡ್. ಭಾರತದಲ್ಲಿ ಅದರ ಪೇಟೆಂಟ್ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ದೇಶಿ ಕಂಪನಿಗಳಿಗೂ ಬಾಗಿಲು ತೆರೆದ ಹಾಗೆ. ಅಂದರೆ ಇದು ಬೆಂಗಳೂರಿನ ಶ್ರೀಮಂತರ ಔಷಧವಾಗಿ ಉಳಿಯುವುದಿಲ್ಲ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಮೆಡಿಕಲ್ ಅಂಗಡಿಗೂ ಬರುತ್ತದೆ.

ಇದನ್ನೆಲ್ಲ ಓದಿದವರಿಗೆ ಗೊಂದಲ ಆಗುವುದು ಸಹಜ. ತೂಕಕ್ಕೂ ಕಿಡ್ನಿಗೂ ಏನು ಸಂಬಂಧ? ನಮ್ಮ ಕಡೆ ಕಿಡ್ನಿ ಕೆಡುವುದು ನೀರಿನಿಂದ ಅಲ್ವಾ? ಶುಗರ್ ಇಲ್ಲದವರು ಯಾಕೆ ಹೆದರಬೇಕು? ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ನಾರ್ಮಲ್ ಬಂದಿದೆಯಲ್ಲ, ಇನ್ನೇನು?

ಈ ನಾಲ್ಕು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹೊಟ್ಟೆಯ ಬೊಜ್ಜು ಕಿಡ್ನಿಯ ಮೇಲೆ ಕೆಲಸ ಶುರು ಮಾಡುವುದು ಶುಗರ್ ಬರುವುದಕ್ಕೂ ಮೊದಲು. ರಾಯಚೂರು, ಕೊಪ್ಪಳ, ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಅದರ ಪೆಟ್ಟು ಜಾಸ್ತಿ ಬೀಳಲು ಕಾರಣ ಇದೆ. ನಾವು ನಂಬಿಕೊಂಡಿರುವ ರಕ್ತ ಪರೀಕ್ಷೆ ಮಾತ್ರ ಅದನ್ನು ತುಂಬ ತಡವಾಗಿ ಹೇಳುತ್ತದೆ.

ಸೋಸುವ ಜಾಗದಲ್ಲಿ ಒತ್ತಡ

ಒಂದೊಂದು ಕಿಡ್ನಿಯಲ್ಲೂ ಸರಾಸರಿ 10 ಲಕ್ಷದಷ್ಟು ನೆಫ್ರಾನ್‌ಗಳಿರುತ್ತವೆ. ಪ್ರತಿ ನೆಫ್ರಾನ್‌ನ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಗೊಂಚಲು. ರಕ್ತ ಸೋಸುವುದು ಅಲ್ಲೇ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ, ಎರಡು ಲೀಟರ್ ಮೂತ್ರವಾಗಿ ಹೊರಗೆ ಹೋಗುತ್ತದೆ, ಉಳಿದದ್ದು ವಾಪಸ್ ರಕ್ತಕ್ಕೆ.

ದೇಹದ ತೂಕ ಏರಿದಾಗ ನೆಫ್ರಾನ್‌ಗಳ ಸಂಖ್ಯೆ ಏರುವುದಿಲ್ಲ. 60 ಕೆಜಿ ಇದ್ದಾಗ ಎಷ್ಟಿದ್ದವೋ 90 ಕೆಜಿ ಆದಾಗಲೂ ಅಷ್ಟೇ. ಆದರೆ ದೊಡ್ಡ ದೇಹಕ್ಕೆ ರಕ್ತ ಜಾಸ್ತಿ, ಸೋಸಬೇಕಾದದ್ದೂ ಜಾಸ್ತಿ. ಹಾಗಾಗಿ ಒಂದೊಂದು ನೆಫ್ರಾನ್ ತನ್ನ ಪಾಲಿಗಿಂತ ಹೆಚ್ಚು ಕೆಲಸ ಮಾಡಬೇಕಾಗುತ್ತದೆ. ಒಳಗೆ ಬರುವ ರಕ್ತನಾಳ ಅಗಲವಾಗುತ್ತದೆ, ಹೊರಗೆ ಹೋಗುವ ನಾಳ ಬಿಗಿಯಾಗುತ್ತದೆ, ನಡುವಿನ ಗೊಂಚಲಿನಲ್ಲಿ ಒತ್ತಡ ಏರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದು ಬೇಗ ಅರ್ಥವಾದೀತು: ತೂಬು ಅಷ್ಟೇ ಇಟ್ಟು ನೀರು ಜಾಸ್ತಿ ಬಿಟ್ಟರೆ ಒಂದೊಂದು ತೂಬಿನಲ್ಲೂ ನೀರು ರಭಸದಿಂದ ನುಗ್ಗಿ ದಂಡೆ ಕೊರೆಯುತ್ತದೆ.

ಕಿಡ್ನಿಯಲ್ಲಿ ಮೊದಲು ಹಾಳಾಗುವುದು ಪೋಡೋಸೈಟ್ ಎಂಬ ಜೀವಕೋಶ. ಅದು ರಕ್ತನಾಳದ ಹೊರಗೆ ಬೆರಳು ಚಾಚಿ ಅಪ್ಪಿಕೊಂಡಿರುತ್ತದೆ. ರಕ್ತದಲ್ಲಿರುವ ಪ್ರೋಟೀನ್ ಸೋರದಂತೆ ತಡೆಯುವುದೇ ಅದರ ಕೆಲಸ. ಒತ್ತಡ ಏರಿ ಗೊಂಚಲು ಉಬ್ಬಿದಾಗ ಪೋಡೋಸೈಟ್ ಎಳೆದುಕೊಳ್ಳಬೇಕಾಗುತ್ತದೆ. ಒಂದು ಮಟ್ಟದವರೆಗೆ ಎಳೆದುಕೊಳ್ಳುತ್ತದೆ, ಆಮೇಲೆ ಕಳಚಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಅದು ಮತ್ತೆ ಹುಟ್ಟುವ ಜಾತಿಯ ಕೋಶವಲ್ಲ. ಅದು ಬಿಟ್ಟುಹೋದ ಜಾಗದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರಲು ಶುರು. ಸ್ವಲ್ಪ ಕಾಲದ ನಂತರ ಅಲ್ಲಿ ಗಾಯದ ಕಲೆ ಗಟ್ಟಿಯಾಗುತ್ತದೆ, ಆ ನೆಫ್ರಾನ್ ಸತ್ತುಹೋಗುತ್ತದೆ. ಅದರ ಪಾಲಿನ ಕೆಲಸ ಪಕ್ಕದ್ದರ ಮೇಲೆ ಬೀಳುತ್ತದೆ. ಅದಕ್ಕೂ ಅದೇ ಗತಿ. ತೀರಾ ದಪ್ಪ ಇರುವವರ ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ವೈದ್ಯರು 1974ರಲ್ಲೇ ಬರೆದಿಟ್ಟಿದ್ದಾರೆ, ಅಂದರೆ ಇದು ಹೊಸದಾಗಿ ಹುಟ್ಟಿಸಿದ ಭಯ ಏನಲ್ಲ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಬಿಪಿ ಏರಿಸುವ ಆಂಜಿಯೊಟೆನ್ಸಿನ್ ತಯಾರಾಗಲು ಬೇಕಾದ ಕಚ್ಚಾ ವಸ್ತುವನ್ನು ಅದೂ ಉತ್ಪಾದಿಸುತ್ತದೆ. ಲೆಪ್ಟಿನ್ ಎಂಬ ಹಾರ್ಮೋನ್ ಜಾಸ್ತಿಯಾಗಿ ನರಗಳನ್ನು ಕೆರಳಿಸುತ್ತದೆ. ಇನ್ಸುಲಿನ್ ಮಾತು ಕೇಳದ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಆ ಇನ್ಸುಲಿನ್ ಕಿಡ್ನಿಗೆ ‘ಉಪ್ಪು ಹಿಡಿದಿಟ್ಟುಕೋ’ ಅಂತ ಹೇಳುತ್ತದೆ. ಕಿಡ್ನಿಯ ಸುತ್ತ ಕೊಬ್ಬು ತುಂಬಿ ಅದನ್ನು ಹೊರಗಿನಿಂದಲೂ ಒತ್ತುತ್ತದೆ. ಈ ಎಲ್ಲದರ ಫಲ ಒಂದೇ: ಉಪ್ಪು, ನೀರು ದೇಹದಲ್ಲಿ ನಿಲ್ಲುತ್ತವೆ, ಬಿಪಿ ಏರುತ್ತದೆ, ಏರಿದ ಬಿಪಿ ಮತ್ತೆ ಅದೇ ಗೊಂಚಲಿನ ಮೇಲೆ ಬೀಳುತ್ತದೆ.

ಅಪಾಯ ಎಷ್ಟು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 3 ಲಕ್ಷ 20 ಸಾವಿರ ಜನರ ದಾಖಲೆ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕ ಇದ್ದವರಿಗಿಂತ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30ರಿಂದ 35ರ ನಡುವೆ ಇದ್ದವರಲ್ಲಿ ಕಿಡ್ನಿ ಪೂರ್ತಿ ಫೇಲ್ ಆಗುವ ಅಪಾಯ ಮೂರೂವರೆ ಪಟ್ಟು ಇತ್ತು. 40 ದಾಟಿದವರಲ್ಲಿ 7 ಪಟ್ಟು.

ಐದರಲ್ಲಿ ಮೂರು

ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಅನ್ನುವುದು ಒಂದು ಕಾಯಿಲೆಗಲ್ಲ, ಒಟ್ಟಿಗೆ ಬರುವ ಐದು ಗುರುತುಗಳ ಗುಂಪಿಗೆ. ಸೊಂಟದ ಸುತ್ತಳತೆ ಭಾರತೀಯ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿರುವುದು. ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಅಥವಾ ಹೆಚ್ಚು. ಒಳ್ಳೆ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಬಿಪಿ 130/85 ಅಥವಾ ಹೆಚ್ಚು. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು. ಈ ಐದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್ ಇದೆ ಅಂತ ಲೆಕ್ಕ.

ಇಲ್ಲಿ ಗಮನಿಸಬೇಕಾದದ್ದು, ಒಂದೂ ‘ಕಾಯಿಲೆ’ ಅನ್ನಿಸುವ ಮಟ್ಟದಲ್ಲಿ ಇರಬೇಕಿಲ್ಲ. ಶುಗರ್ 108 ಬಂದರೆ ‘ಬಾರ್ಡರ್‌ನಲ್ಲಿದೆ, ಏನಿಲ್ಲ’ ಅಂತೀವಿ. ಬಿಪಿ 136/88 ಬಂದರೆ ‘ಟೆನ್ಷನ್‌ಗೆ ಬಂದಿರಬೇಕು’ ಅಂತೀವಿ. ಹೊಟ್ಟೆ ಬಂದರೆ ‘ವಯಸ್ಸಾಯಿತು’ ಅಂತೀವಿ. ಬಿಡಿ ಬಿಡಿಯಾಗಿ ನೋಡಿದರೆ ಮೂರೂ ಸಣ್ಣವು, ಆದರೆ ಮೂರೂ ಒಂದೇ ಕಿಡ್ನಿಯ ಮೇಲೆ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ.

ಸುತ್ತಳತೆ ಬಗ್ಗೆ ಒಂದು ಮಾತು. ಪ್ಯಾಂಟ್ ಸೈಜ್ 34, ಹಾಗಾಗಿ 90 ಸೆಂ.ಮೀ. ಒಳಗೇ ಇದ್ದೇನೆ ಅಂತ ಎಷ್ಟೋ ಜನ ಲೆಕ್ಕ ಹಾಕುತ್ತಾರೆ. ಹೊಟ್ಟೆ ಬಂದವರು ಪ್ಯಾಂಟ್ ಕಟ್ಟುವುದು ಹೊಟ್ಟೆಯ ಕೆಳಗೆ. ಟೇಪ್ ಹಿಡಿಯಬೇಕಾದ್ದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಎಳೆದುಕೊಳ್ಳದೆ. ಹಾಗೆ ಹಿಡಿದರೆ ಅದೇ 34ರ ಪ್ಯಾಂಟಿನವರಿಗೆ ಟೇಪು 96, 98 ತೋರಿಸಬಹುದು.

ನಮ್ಮ ಭಾಗದಲ್ಲಿ ಪೆಟ್ಟು ಯಾಕೆ ಜಾಸ್ತಿ

‘ರಾಯಚೂರಿನಲ್ಲಿ ಅಪೌಷ್ಟಿಕತೆ ಸಮಸ್ಯೆ, ನೀವು ಬೊಜ್ಜಿನ ಬಗ್ಗೆ ಮಾತಾಡ್ತೀರಾ?’ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಏನೆಂದರೆ ಎರಡೂ ಒಂದೇ ಸಮಸ್ಯೆಯ ಎರಡು ತುದಿಗಳು.

ಮಗುವಿನ ನೆಫ್ರಾನ್‌ಗಳು ತಾಯಿಯ ಹೊಟ್ಟೆಯಲ್ಲೇ ತಯಾರಾಗುತ್ತವೆ. ಅದರಲ್ಲೂ ಹೆಚ್ಚಿನ ಪಾಲು ಕೊನೆಯ ಮೂರು ತಿಂಗಳಲ್ಲಿ. ತುಂಬು ತಿಂಗಳ ಮಗು ಹುಟ್ಟುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ, ಮುಂದೆ ಜೀವನಪೂರ್ತಿ ಒಂದೇ ಒಂದು ಹೊಸ ನೆಫ್ರಾನ್ ಹುಟ್ಟುವುದಿಲ್ಲ. ತಾಯಿಗೆ ರಕ್ತಹೀನತೆ ಇದ್ದರೆ, ಊಟ ಸಾಲದಿದ್ದರೆ, ಏಳನೇ ತಿಂಗಳಲ್ಲೂ ಬಿಸಿಲಲ್ಲಿ ಹತ್ತಿ ಬಿಡಿಸುತ್ತಿದ್ದರೆ ಮಗು ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟುವ ಸಂಭವ ಜಾಸ್ತಿ. ಅಂಥ ಮಗುವಿನ ಕಿಡ್ನಿಯಲ್ಲಿ ನೆಫ್ರಾನ್‌ಗಳೂ ಕಡಿಮೆ. ಅಮೆರಿಕದ ವೈದ್ಯ ಬ್ಯಾರಿ ಬ್ರೆನರ್ ಮತ್ತು ಅವರ ಸಂಗಡಿಗರು 1988ರಲ್ಲಿ ಇದನ್ನು ಒಂದು ಊಹೆಯಾಗಿ ಮುಂದಿಟ್ಟರು: ಕಡಿಮೆ ನೆಫ್ರಾನ್ ಇಟ್ಟುಕೊಂಡು ಹುಟ್ಟಿದವರಿಗೆ ಮುಂದೆ ಬಿಪಿ ಬರುತ್ತದೆ. 2003ರಲ್ಲಿ ಜರ್ಮನಿಯ ಸಂಶೋಧಕರು ಅಪಘಾತದಲ್ಲಿ ಸತ್ತವರ ಕಿಡ್ನಿಗಳಲ್ಲಿ ನೆಫ್ರಾನ್ ಎಣಿಸಿ ನೋಡಿದರು. ಬಿಪಿ ಇದ್ದ ಹತ್ತು ಜನರಲ್ಲಿ ಒಂದು ಕಿಡ್ನಿಗೆ ಸುಮಾರು 7 ಲಕ್ಷ, ಬಿಪಿ ಇಲ್ಲದ ಹತ್ತು ಜನರಲ್ಲಿ ಸುಮಾರು 14 ಲಕ್ಷ. ಸಣ್ಣ ಅಧ್ಯಯನ, ಆದರೆ ವ್ಯತ್ಯಾಸ ಸಣ್ಣದಲ್ಲ. ನಮ್ಮದೇ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಕಡಿಮೆ ತೂಕ ಇದ್ದು ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇರುವುದು ಕಂಡಿತು. ಅದು 1996ರಲ್ಲಿ ಪ್ರಕಟವಾಯಿತು.

ಈಗ ಲೆಕ್ಕ ಕೂಡಿಸಿ ನೋಡಿ. 1980ರ ಸುಮಾರಿಗೆ ಮಾನ್ವಿ ಅಥವಾ ಕುಷ್ಟಗಿಯ ಹಳ್ಳಿಯಲ್ಲಿ ಎರಡು ಕೆಜಿ ಹುಟ್ಟಿದ ಮಗು ಈಗ ನಲವತ್ತೈದರ ಗಂಡಸು. ಪಟ್ಟಣದಲ್ಲಿ ಅಂಗಡಿ ಇದೆ, ಓಡಾಟಕ್ಕೆ ಬೈಕ್ ಇದೆ, ಹೊಟ್ಟೆ ಬಂದಿದೆ. ಅವನ ದೇಹ ಈಗ ಹೊಟ್ಟೆ ತುಂಬಿದವರ ದೇಹ, ಕಿಡ್ನಿ ಮಾತ್ರ ಹಸಿದ ತಾಯಿ ಕೊಟ್ಟ ಕಿಡ್ನಿ. ಅವನಿಗೆ 10 ಕೆಜಿ ಹೆಚ್ಚಾದರೆ ಆಗುವ ಹೊರೆ, ನೆಫ್ರಾನ್ ತುಂಬ ಇಟ್ಟುಕೊಂಡು ಹುಟ್ಟಿದವನಿಗೆ 10 ಕೆಜಿ ಹೆಚ್ಚಾದಾಗ ಆಗುವ ಹೊರೆಯಷ್ಟೇ ಅಲ್ಲ, ಅದಕ್ಕಿಂತ ಜಾಸ್ತಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೇ ಜೋಡಿಯನ್ನು ಇಡೀ ರಾಜ್ಯದ ಮಟ್ಟದಲ್ಲಿ ತೋರಿಸುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಅದೇ ಹೊತ್ತಿಗೆ ದೊಡ್ಡವರಲ್ಲಿ, ಹೆಂಗಸರಾಗಲಿ ಗಂಡಸರಾಗಲಿ, ಶೇ 30ರಷ್ಟು ಮಂದಿ ತೂಕ ಜಾಸ್ತಿ ಇರುವವರು.

ನಮ್ಮ ದೇಹದ ಇನ್ನೊಂದು ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ಪುಣೆಯ ಡಾ. ಸಿ.ಎಸ್. ಯಾಜ್ನಿಕ್ ತಮ್ಮದೂ, ಬ್ರಿಟಿಷ್ ಸಹೋದ್ಯೋಗಿಯದೂ ಫೋಟೊ ಪಕ್ಕಪಕ್ಕ ಇಟ್ಟು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದ್ದರು: ಇಬ್ಬರ ಬಿಎಂಐ 22.3. ಬ್ರಿಟಿಷರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ನಿಕ್ ಅವರ ದೇಹದಲ್ಲಿ ಶೇ 21.2. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ನೋಡಿದರೆ ಇಂಥ ದೇಹ ಎಷ್ಟು ಕಾಣುತ್ತವೆ ಅಲ್ವಾ? ತೂಕದ ಮಷಿನ್ ಅವರನ್ನು ‘ನಾರ್ಮಲ್’ ಅನ್ನುತ್ತದೆ.

ಊಟ, ಕೆಲಸ ಎರಡೂ ಬದಲಾಗಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು ಭತ್ತದ ನಾಡಾದವು. ಜೋಳದ ರೊಟ್ಟಿ ಇದ್ದ ತಟ್ಟೆಯಲ್ಲಿ ಅನ್ನ ದೊಡ್ಡದಾಯಿತು. ಅನ್ನ ವಿಷ ಏನಲ್ಲ, ಗದ್ದೆಯಲ್ಲಿ ದಿನವಿಡೀ ದುಡಿದವರಿಗೆ ಅದು ಕರಗುತ್ತಿತ್ತು. ಈಗ ಭತ್ತ ಕೊಯ್ಯುವುದು ಮಷಿನ್, ಅನ್ನ ಮಾತ್ರ ಅಷ್ಟೇ ಇದೆ. ಬೆಳಿಗ್ಗೆಯ ಮಂಡಾಳು ಒಗ್ಗರಣಿ, ಜೊತೆಗೆ ಎರಡು ಮಿರ್ಚಿ ನಮ್ಮ ಕಡೆಯವರಿಗೆ ಪ್ರಾಣ. ಮಂಡಾಳು ಕೈಗೆ ಹಗುರ, ರಕ್ತದಲ್ಲಿ ಶುಗರ್ ಮಾತ್ರ ಬೇಗ ಏರಿಸುತ್ತದೆ. ಮೇಲೆ ಎಣ್ಣೆ, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅನ್ನುತ್ತದೆ, ಉಪ್ಪಿನಕಾಯಿ ಬಿಡದ ಊಟದಲ್ಲಿ ಆ ಮಿತಿ ಉಳಿಯುವುದು ಕಷ್ಟ.

ಹಾಗಾದರೆ ನೀರಿನ ತಪ್ಪಿಲ್ಲವಾ?

ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದುವುದು, ಮೂಳೆ ಸೊಟ್ಟಗಾಗುವುದು ಅದರಿಂದಲೇ. ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತ ಆರ್ಸೆನಿಕ್ ಎಂಬ ವಿಷ ಕೂಡ ಇದೆ. ಹಾಗಾಗಿ ಊರಲ್ಲಿ ಯಾರಿಗಾದರೂ ಕಿಡ್ನಿ ಹೋಯಿತು ಅಂದರೆ ಜನ ಮೊದಲು ನೀರಿನ ಕಡೆ ಬೆರಳು ಮಾಡುತ್ತಾರೆ. ಅದು ಆಧಾರವಿಲ್ಲದ ಅನುಮಾನ ಅಲ್ಲ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಶುಗರ್, ಬಿಪಿ ಇಲ್ಲದ ರೈತರು, ಕೂಲಿಗಳಿಗೂ ಕಿಡ್ನಿ ಹೋಗುತ್ತಿದೆ, ವರ್ಷಗಳಿಂದ ಸಂಶೋಧನೆ ನಡೆದರೂ ಕಾರಣ ಇಂಥದ್ದೇ ಅಂತ ಖಚಿತವಾಗಿಲ್ಲ. ಕುಡಿಯುವ ನೀರು ಶುದ್ಧ ಇರಬೇಕು ಅನ್ನುವ ಬೇಡಿಕೆಯನ್ನು ಯಾರೂ ಸಡಿಲ ಮಾಡಬಾರದು.

ಆದರೆ ನೀರು ಮತ್ತು ಬೊಜ್ಜು ಪರಸ್ಪರ ಎದುರಾಳಿಗಳಲ್ಲ. ದೇಹಕ್ಕೆ ಹೋದ ಫ್ಲೋರೈಡನ್ನು ಹೊರಹಾಕುವುದೇ ಕಿಡ್ನಿ. ಕಿಡ್ನಿ ಸೋತಷ್ಟೂ ಫ್ಲೋರೈಡ್ ಒಳಗೇ ಉಳಿಯುತ್ತದೆ. ಅಂದರೆ ಬೊಜ್ಜು, ಬಿಪಿಯಿಂದ ಸೋತ ಕಿಡ್ನಿ ಇರುವವರಿಗೆ ಅದೇ ಬೋರ್ ನೀರು ಬೇರೆಯವರಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ನನಗೆ ಚಿಂತೆ ಆಗುವುದು ಬೇರೆ ವಿಷಯಕ್ಕೆ. ಎಲ್ಲ ತಪ್ಪೂ ನೀರಿನದೇ ಅಂತ ನಂಬಿದ ಮನೆಯವರು ಹದಿನೈದು ಸಾವಿರ ಕೊಟ್ಟು ಫಿಲ್ಟರ್ ಕೂಡಿಸಿ ನಿಶ್ಚಿಂತರಾಗುತ್ತಾರೆ, ಅದೇ ಮನೆಯ ಯಜಮಾನನ ಬಿಪಿ 160 ಇರುವುದನ್ನು ಯಾರೂ ನೋಡಿರುವುದಿಲ್ಲ.

ಬಿಸಿಲನ್ನೂ ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಕಡಿಮೆಯಾದ ದೇಹದಲ್ಲಿ ಕಿಡ್ನಿಗೆ ರಕ್ತ ಕಡಿಮೆ ಹೋಗುತ್ತದೆ. ಬೊಜ್ಜು ಇರುವವರ ಮೂತ್ರ ಹೆಚ್ಚು ಆಮ್ಲೀಯ, ಹಾಗಾಗಿ ಯೂರಿಕ್ ಆಸಿಡ್ ಕಲ್ಲು ಕಟ್ಟುವುದೂ ಅವರಲ್ಲಿ ಜಾಸ್ತಿ. ಬಿಸಿಲು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ.

ಶುಗರ್ ಇಲ್ಲದಿದ್ದರೆ ದಪ್ಪ ಇದ್ದರೂ ನಡೆಯುತ್ತದಾ?

ವೈದ್ಯರ ನಡುವೆಯೇ ಈ ವಾದ ಇದೆ. ಒಂದು ಪಕ್ಷ ಹೇಳುತ್ತದೆ: ಕಿಡ್ನಿ ಕೆಡಿಸುವುದು ಶುಗರ್ ಮತ್ತು ಬಿಪಿ, ತೂಕ ಅವೆರಡನ್ನು ಕರೆತರುವ ದಾರಿ ಮಾತ್ರ. ಶುಗರ್, ಬಿಪಿ ಹಿಡಿತದಲ್ಲಿದ್ದರೆ ತೂಕದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇನ್ನೊಂದು ಪಕ್ಷ ಹೇಳುತ್ತದೆ: ತೂಕವೇ ನೇರವಾಗಿ ಕೆಡಿಸುತ್ತದೆ.

ನನಗೆ ಎರಡನೆಯ ವಾದವೇ ಗಟ್ಟಿ ಅನ್ನಿಸುತ್ತದೆ. ದಕ್ಷಿಣ ಕೊರಿಯಾದಲ್ಲಿ 62,249 ಜನರನ್ನು ಹಿಂಬಾಲಿಸಿದ ಅಧ್ಯಯನ 2016ರಲ್ಲಿ ಬಂತು. ಅವರೆಲ್ಲ ಶುರುವಿನಲ್ಲಿ ಶುಗರ್, ಬಿಪಿ, ಕೊಲೆಸ್ಟರಾಲ್ ಎಲ್ಲ ಸರಿ ಇದ್ದವರು. ಆದರೂ ಅವರಲ್ಲಿ ದಪ್ಪ ಇದ್ದವರಿಗೆ ಕಿಡ್ನಿ ಕಾಯಿಲೆ ಹೆಚ್ಚು ಬಂತು. ಮೇಲೆ ಹೇಳಿದ ಒತ್ತಡದ ಕಥೆಗೆ ಇದು ಸರಿಯಾಗಿ ಹೊಂದುತ್ತದೆ, ಯಾಕೆಂದರೆ ಗೊಂಚಲಿನ ಒಳಗಿನ ಒತ್ತಡ ಏರಲು ತೋಳಿನ ಬಿಪಿ ಏರಲೇಬೇಕು ಅಂತಿಲ್ಲ.

ಇದಕ್ಕೆ ಉಲ್ಟಾ ಕಾಣುವ ಸುದ್ದಿಯೂ ಇದೆ: ಡಯಾಲಿಸಿಸ್ ಮೇಲಿರುವವರಲ್ಲಿ ತೂಕ ಜಾಸ್ತಿ ಇರುವವರೇ ಹೆಚ್ಚು ದಿನ ಬದುಕುತ್ತಾರೆ. ಅದು ನಿಜ, ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಡಯಾಲಿಸಿಸ್ ಹಂತಕ್ಕೆ ಬಂದವರನ್ನು ಬೇಗ ಕೊಲ್ಲುವುದು ಸೊರಗುವುದು. ಊಟ ಸೇರದೆ, ಮಾಂಸಖಂಡ ಕರಗಿ ಸೊರಗಿದವರ ಪಕ್ಕದಲ್ಲಿಟ್ಟು ನೋಡಿದಾಗ ದಪ್ಪ ಇದ್ದವರು ವಾಸಿ ಅನ್ನಿಸುತ್ತಾರೆ. ಡಯಾಲಿಸಿಸ್ ರೋಗಿಗೆ ತೂಕ ಇಳಿಸು ಅಂತ ಮನೆಯವರು ಒತ್ತಾಯಿಸಬಾರದು, ಅದೇ ಮಾತನ್ನು ಇಟ್ಟುಕೊಂಡು ಕಿಡ್ನಿ ಚೆನ್ನಾಗಿರುವ ನಲವತ್ತರ ವಯಸ್ಸಿನವರು ಹೊಟ್ಟೆಯನ್ನು ಸಮರ್ಥಿಸಿಕೊಳ್ಳಲೂಬಾರದು.

1.2 ಅಂದರೆ ಎಷ್ಟು?

ಕಿಡ್ನಿ ಅಂದರೆ ನಮಗೆ ಗೊತ್ತಿರುವುದು ಒಂದೇ ಪದ, ಕ್ರಿಯಾಟಿನಿನ್. ರಿಪೋರ್ಟ್ ಕೈಗೆ ಬಂದ ತಕ್ಷಣ ಕಣ್ಣು ಹೋಗುವುದು ಅಲ್ಲಿಗೆ. 1.2 ಇದೆಯಾ? ಪಕ್ಕದ ರೇಂಜ್ ಒಳಗಿದೆ, ಮಡಚಿ ಇಟ್ಟುಬಿಡು.

ಅದೇ 1.2 ಅನ್ನು ವಯಸ್ಸು, ಗಂಡು-ಹೆಣ್ಣು ಸೇರಿಸಿ ಲೆಕ್ಕ ಹಾಕಿದರೆ ಇಜಿಎಫ್‌ಆರ್ ಸಿಗುತ್ತದೆ, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಎಂಬ ಅಂದಾಜು. ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಕ್ರಿಯಾಟಿನಿನ್ 1.2 ಇರುವ 45ರ ಗಂಡಸಿಗೆ ಅದು ಸುಮಾರು 76. ಅದೇ 1.2 ಇರುವ 60ರ ಹೆಂಗಸಿಗೆ ಸುಮಾರು 52. ಮೂರು ತಿಂಗಳು 60ಕ್ಕಿಂತ ಕೆಳಗೇ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಒಂದೇ ಅಂಕಿ, ಒಬ್ಬರು ಸುಮಾರಾಗಿ ಸರಿ ಇದ್ದಾರೆ, ಇನ್ನೊಬ್ಬರು ಕಾಯಿಲೆಯ ಒಳಗಿದ್ದಾರೆ.

ಬೊಜ್ಜಿನ ವಿಷಯದಲ್ಲಿ ಇದು ಇನ್ನೂ ಎರಡು ರೀತಿ ಮೋಸ ಮಾಡುತ್ತದೆ. ಮೊದಲನೆಯದು, ಶುರುವಿನ ವರ್ಷಗಳಲ್ಲಿ ನೆಫ್ರಾನ್‌ಗಳು ಮಿತಿಮೀರಿ ದುಡಿಯುತ್ತಿರುವುದರಿಂದ ಸೋಸುವಿಕೆ ಕಡಿಮೆಯಾಗುವ ಬದಲು ಜಾಸ್ತಿ ಇರುತ್ತದೆ. ರಿಪೋರ್ಟ್ ಚೆಂದ ಕಾಣುತ್ತದೆ. ಎರಡನೆಯದು, ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಇರುವವರಲ್ಲಿ ಮಾಂಸಖಂಡವೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಕ್ರಿಯಾಟಿನಿನ್ ತಡವಾಗಿ ಏರುತ್ತದೆ. ಸಾಮಾನ್ಯವಾಗಿ ಅದು ಎದ್ದು ಕಾಣುವಷ್ಟು ಏರುವ ಹೊತ್ತಿಗೆ ಕಿಡ್ನಿಯ ಅರ್ಧ ಶಕ್ತಿ ಹೋಗಿರುತ್ತದೆ.

ಮೊದಲು ಸುಳಿವು ಕೊಡುವುದು ಮೂತ್ರ. ಪೋಡೋಸೈಟ್ ಕಳಚಿದ ಜಾಗದಿಂದ ಸೋರಿದ ಅಲ್ಬುಮಿನ್ ಅಲ್ಲಿ ಇರುತ್ತದೆ. ಲ್ಯಾಬ್‌ನಲ್ಲಿ ಕೇಳಬೇಕಾದ ಪರೀಕ್ಷೆಯ ಹೆಸರು ಯೂರಿನ್ ಎಸಿಆರ್, ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಅಂದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಗಂಭೀರ. ಜ್ವರ, ಮೂತ್ರದ ಸೋಂಕು, ವಿಪರೀತ ಮೈ ದಣಿವು ಇದ್ದಾಗ ಸುಳ್ಳಾಗಿಯೂ ಏರುತ್ತದೆ, ಹಾಗಾಗಿ ಒಂದು ರಿಪೋರ್ಟ್ ನೋಡಿ ಗಾಬರಿಯಾಗದೆ ಮೂರು ತಿಂಗಳೊಳಗೆ ಮತ್ತೆ ಮಾಡಿಸಬೇಕು. ಮೂತ್ರದಲ್ಲಿ ನೊರೆ ಕರಗದೆ ನಿಂತರೆ, ಕಾಲಿಗೆ ಬಾವು ಬಂದರೆ ನೋಡೋಣ ಅಂತ ಕಾಯುತ್ತ ಕೂರುವುದು ಬೇಡ. ಸೋರಿಕೆ ತುಂಬ ಜಾಸ್ತಿಯಾದ ಮೇಲೆ ಕಾಣುವ ಗುರುತುಗಳು ಅವು.

ಇಂಜೆಕ್ಷನ್: ಎರಡು ಸುದ್ದಿಯೂ ನಿಜ

ಈಗ ಶುರುವಿನ ಗೊಂದಲಕ್ಕೆ ಬರೋಣ. ಸೆಮಾಗ್ಲುಟೈಡ್ ಕಿಡ್ನಿ ಉಳಿಸುತ್ತದೆ ಅನ್ನುವುದಕ್ಕೆ ಆಧಾರ ಫ್ಲೋ ಎಂಬ ಪ್ರಯೋಗ. ಟೈಪ್ 2 ಶುಗರ್ ಮತ್ತು ಕಿಡ್ನಿ ಕಾಯಿಲೆ ಎರಡೂ ಇದ್ದ 3,533 ಜನ ಅದರಲ್ಲಿದ್ದರು. ಲಾಭ ಸ್ಪಷ್ಟವಾಗಿ ಕಂಡಿದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ 2024ರ ಮೇ ತಿಂಗಳಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಡ್ನಿ ಫೇಲ್ ಆಗುವುದು, ಅದರ ಶಕ್ತಿ ಅರ್ಧಕ್ಕರ್ಧ ಕುಸಿಯುವುದು, ಕಿಡ್ನಿ ಅಥವಾ ಹೃದಯದಿಂದ ಸಾವು, ಇವೆಲ್ಲ ಸೇರಿ ಶೇ 24ರಷ್ಟು ಕಡಿಮೆಯಾಗಿದ್ದವು. ದೊಡ್ಡ ಸಾಧನೆಯೇ.

ಕಿಡ್ನಿಗೆ ಪೆಟ್ಟು ಅನ್ನುವ ಸುದ್ದಿಯೂ ಸುಳ್ಳಲ್ಲ. ಈ ಔಷಧದಿಂದ ಕೆಲವರಿಗೆ ವಾಕರಿಕೆ, ವಾಂತಿ, ಭೇದಿ ಆಗುತ್ತದೆ, ಡೋಸ್ ಏರಿಸುವಾಗ ಜಾಸ್ತಿ. ಎರಡು ದಿನ ವಾಂತಿಯಾಗಿ ನೀರೂ ಸೇರದಿದ್ದರೆ ದೇಹ ಒಣಗುತ್ತದೆ, ಕಿಡ್ನಿಗೆ ರಕ್ತ ಕಡಿಮೆಯಾಗಿ ಅದು ದಿಢೀರ್ ಅಂತ ಸೋಲಬಹುದು. ಔಷಧದ ಜೊತೆ ಬರುವ ಚೀಟಿಯಲ್ಲೇ ಈ ಎಚ್ಚರಿಕೆ ಇದೆ. ಔಷಧ ಕಿಡ್ನಿಯನ್ನು ನೇರವಾಗಿ ಸುಡುತ್ತದೆ ಅಂತಲ್ಲ, ನೀರಿನ ಕೊರತೆ ಕೆಡಿಸುತ್ತದೆ. ತಂಪು ದೇಶದಲ್ಲಿ ಕೂತು ಈ ಔಷಧ ತಗೊಳ್ಳುವವರಿಗೂ, ಮೇ ತಿಂಗಳಲ್ಲಿ ರಾಯಚೂರಿನ ಶೀಟ್ ಮನೆಯಲ್ಲಿದ್ದು ತಗೊಳ್ಳುವವರಿಗೂ ಈ ಅಪಾಯ ಒಂದೇ ಆಗಿರಲು ಸಾಧ್ಯವಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ವೇಗವಾಗಿ ತೂಕ ಇಳಿದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮಾಂಸಖಂಡ ಕರಗಿದರೆ ಕ್ರಿಯಾಟಿನಿನ್ ಇಳಿಯುತ್ತದೆ, ಕಿಡ್ನಿ ಸುಧಾರಿಸದಿದ್ದರೂ ಸುಧಾರಿಸಿದಂತೆ ರಿಪೋರ್ಟ್ ತೋರಿಸುತ್ತದೆ. ಹಾಗಾಗಿ ಇಂಜೆಕ್ಷನ್ ತಗೊಳ್ಳುವವರಿಗೆ ಮೂತ್ರದ ಎಸಿಆರ್ ಇನ್ನೂ ಮುಖ್ಯ. ಸಿಸ್ಟಾಟಿನ್ ಸಿ ಎಂಬ ರಕ್ತ ಪರೀಕ್ಷೆ ಮಾಂಸಖಂಡದ ಮೇಲೆ ಅಷ್ಟಾಗಿ ನಿಂತಿಲ್ಲ, ದೊಡ್ಡ ಊರಿನ ಲ್ಯಾಬ್‌ಗಳಲ್ಲಿ ಸಿಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಗೊಂದಲವೂ ಇದೆ, ಅದರಿಂದ ಆಗುವ ನಷ್ಟ ದೊಡ್ಡದು. ಬಿಪಿಗೆ ಕೊಡುವ ಟೆಲ್ಮಿಸಾರ್ಟನ್, ಲೊಸಾರ್ಟನ್ ಮಾತ್ರೆಗಳು, ಶುಗರ್‌ಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಗೊಂಚಲಿನ ಒಳಗಿನ ಒತ್ತಡ ಇಳಿಸುತ್ತವೆ. ಒತ್ತಡ ಇಳಿದಾಗ ಸೋಸುವಿಕೆ ಸ್ವಲ್ಪ ಇಳಿಯುತ್ತದೆ, ಕ್ರಿಯಾಟಿನಿನ್ 1.1 ಇದ್ದದ್ದು 1.3 ಆಗಬಹುದು. ಅದನ್ನು ನೋಡಿ ‘ಮಾತ್ರೆಯಿಂದ ಕಿಡ್ನಿ ಹೋಗ್ತಿದೆ’ ಅಂತ ಹೆದರಿ ನಿಲ್ಲಿಸುವವರು ಬಹಳ. ಶೇ 30ರ ಒಳಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ, ಯಾಕೆಂದರೆ ನೆಫ್ರಾನ್ ಮಿತಿಮೀರಿ ದುಡಿಯುವುದನ್ನು ನಿಲ್ಲಿಸಿದ ಗುರುತು ಅದು. ನಿಲ್ಲಿಸಬೇಕೋ ಮುಂದುವರಿಸಬೇಕೋ ಅನ್ನುವುದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು, ಪಕ್ಕದ ಮನೆಯವರನ್ನಲ್ಲ.

ಮುಂದೆ ಏನಾಗಬಹುದು

ಬೆಲೆ ಇಳಿಯುವುದು ಒಳ್ಳೆಯ ಸುದ್ದಿ. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದಾಗ 60 ರೂಪಾಯಿ ಆಸುಪಾಸಿನಲ್ಲಿದ್ದ ಮಾತ್ರೆಗೆ 10 ರೂಪಾಯಿ ಆಸುಪಾಸಿನ ಬ್ರ್ಯಾಂಡ್‌ಗಳು ಬಂದವು. ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಈ ಗುಂಪಿನ ಮಾತ್ರೆಗಳಿಂದ ಲಾಭ ಇದೆ ಅಂತ 2020 ಮತ್ತು 2022ರ ದೊಡ್ಡ ಪ್ರಯೋಗಗಳು ತೋರಿಸಿವೆ. ನಮ್ಮ ಜಿಲ್ಲೆಗಳ ಮಟ್ಟಿಗೆ, ಸುದ್ದಿಯಲ್ಲಿರುವ ಇಂಜೆಕ್ಷನ್‌ಗಿಂತ ಸುದ್ದಿಯಲ್ಲಿಲ್ಲದ ಈ ಮಾತ್ರೆಗಳೇ ಹೆಚ್ಚು ಜನರ ಕಿಡ್ನಿ ಉಳಿಸಬಹುದು ಅನ್ನುವುದು ನನ್ನ ಅಂದಾಜು. ಆದರೆ ಇಂಜೆಕ್ಷನ್ ಅಗ್ಗವಾದ ಕೂಡಲೇ ಚೀಟಿ ಇಲ್ಲದೆ ಮಾರುವ ಆಸೆಯೂ, ಮದುವೆಗೆ ಮುಂಚೆ ಎರಡು ತಿಂಗಳು ಚುಚ್ಚಿಸಿಕೊಳ್ಳುವ ಆಸೆಯೂ ಬರುತ್ತದೆ. ನಿಲ್ಲಿಸಿದ ಮೇಲೆ ತೂಕ ವಾಪಸ್ ಬರುವುದು ಸಾಮಾನ್ಯ, ಬರುವಾಗ ಮಾಂಸಖಂಡಕ್ಕಿಂತ ಕೊಬ್ಬೇ ಹೆಚ್ಚಾಗಿ ಬರುತ್ತದೆ.

ಔಷಧ ಇಲ್ಲದೆಯೂ ದಾರಿ ಇದೆ. ಅಮೆರಿಕದಲ್ಲಿ ಶುಗರ್ ಇದ್ದ 5,145 ದಪ್ಪ ಜನರ ಮೇಲೆ ನಡೆದ ಲುಕ್ ಅಹೆಡ್ ಪ್ರಯೋಗದಲ್ಲಿ ಊಟ, ನಡಿಗೆಯನ್ನು ಬಿಗಿಯಾಗಿ ಪಾಲಿಸಿದ ಗುಂಪಿನಲ್ಲಿ ಗಂಭೀರ ಕಿಡ್ನಿ ಅಪಾಯ ಶೇ 31ರಷ್ಟು ಕಡಿಮೆಯಾಯಿತು. ಆ ಗುಂಪಿನವರಿಗೆ ವರ್ಷಗಟ್ಟಲೆ ಬೆನ್ನಿಗೆ ನಿಂತು ಹೇಳುವವರಿದ್ದರು ಎನ್ನುವುದನ್ನೂ ಹೇಳಬೇಕು. ಬರೀ ‘ನಡೀರಿ, ಕಡಿಮೆ ತಿನ್ನಿ’ ಅಂದರೆ ಆಗುವ ಕೆಲಸ ಅಲ್ಲ.

ದಪ್ಪ ಇರುವವರ ಇನ್ನೊಂದು ಕಷ್ಟ ಮೊಣಕಾಲು. ನೋವಿಗೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮಾತ್ರೆ ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುತ್ತಾರೆ. ಈ ಮಾತ್ರೆಗಳು ಕಿಡ್ನಿಯೊಳಗೆ ಬರುವ ರಕ್ತನಾಳವನ್ನು ಬಿಗಿ ಮಾಡುತ್ತವೆ. ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡುವ ಮಾತ್ರೆ, ಜೊತೆಗೆ ಈ ನೋವಿನ ಮಾತ್ರೆ, ಮೂರೂ ಸೇರಿದರೆ ಬಿಸಿಲಿನ ದಿನ ಕಿಡ್ನಿ ಕೈಕೊಡಲು ಅಷ್ಟೇ ಸಾಕು.

ಕಿಡ್ನಿ ಪೂರ್ತಿ ಹೋದರೆ ಡಯಾಲಿಸಿಸ್. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಸಿಗುತ್ತದೆ, ಅದು ಎಷ್ಟೋ ಜೀವ ಉಳಿಸಿದೆ. ಆದರೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ತಿಂಗಳಿಗೆ 12, 13 ದಿನ ಆಸ್ಪತ್ರೆಯಲ್ಲೇ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ರೋಗಿಗೂ, ಜೊತೆಗೆ ಬರುವವರಿಗೂ ಕೂಲಿ ಹೋಯಿತು. ಮಷಿನ್ ಉಚಿತ ಇದ್ದರೂ ಮನೆ ಮುಳುಗುವುದು ಹೀಗೆ.

ಮನೆ ಬಾಗಿಲಿಗೆ ಬಂದು ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವ ಕೆಲಸ ಗೃಹ ಆರೋಗ್ಯ ಯೋಜನೆಯಲ್ಲಿ ರಾಜ್ಯದಲ್ಲಿ ಶುರುವಾಗಿದೆ. ಈ ಮೂರು ಜಿಲ್ಲೆಗಳಲ್ಲಿ ಆ ಭೇಟಿಯ ಜೊತೆಗೆ ಟೇಪ್ ಹಿಡಿದು ಸೊಂಟ ಅಳೆಯುವುದು, ಅಳತೆ ದಾಟಿದವರಿಗೆ ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸುವುದು ಖಾಯಂ ಆಗಬೇಕು. ಹುಟ್ಟಿದಾಗ ತೂಕ ಎಷ್ಟಿತ್ತು ಅಂತಲೂ ಕೇಳಿ ಬರೆದುಕೊಳ್ಳಬೇಕು, ಈಗಿನ ಮಕ್ಕಳದ್ದು ತಾಯಿ ಕಾರ್ಡಿನಲ್ಲೇ ಇರುತ್ತದೆ. ಅಂಗನವಾಡಿಯಲ್ಲಿ ಗರ್ಭಿಣಿಗೆ ಸಿಗುವ ಊಟ ಮತ್ತು ಕಬ್ಬಿಣದ ಮಾತ್ರೆಯೂ ಕಿಡ್ನಿ ಕಾರ್ಯಕ್ರಮವೇ, ಅದರ ಫಲ ಮಾತ್ರ ನಲವತ್ತು ವರ್ಷದ ಮೇಲೆ ಕಾಣುತ್ತದೆ. ಅಷ್ಟರವರೆಗೆ, ಈಗಾಗಲೇ ಹೊಟ್ಟೆ ಬಂದಿರುವವರು ಮುಂದಿನ ಸಲ ಶುಗರ್ ಪರೀಕ್ಷೆಗೆ ಹೋದಾಗ ಅದೇ ಚೀಟಿಯಲ್ಲಿ ಯೂರಿನ್ ಎಸಿಆರ್ ಅಂತಲೂ ಬರೆಸಿಕೊಳ್ಳಿ.